ಆರಿದ ಬಲ್ಬಿನ ತಂತಿ

ಕಂತು ಏಳು

"ಮುಟ್ಬ್ಯಾಡಿ ಸಾ!"

ಕಿರುಚಿದ್ದು ಕಿಟಕಿ ಪಕ್ಕದ ಹುಡುಗಿ. ಹತ್ತನೇ ತರಗತಿಯ ಅಷ್ಟೂ ಮಕ್ಕಳು ಒಟ್ಟಿಗೇ ಅತ್ತ ತಿರುಗಿದರು. ಹಿಂದಿನ ಬೆಂಚಿನಲ್ಲಿ ಮಂಡಿ ನೋವು ನುಂಗಿಕೊಂಡು ಕೂತಿದ್ದ ಸಬ್ ಇನ್‌ಸ್ಪೆಕ್ಟರ್ ಸ್ವರ್ಣಲತಾಳ ತೂಕಡಿಕೆ ಹಾರಿಹೋಯಿತು.

ಮೇಜಿನ ಹಿಂದೆ ವಿಜ್ಞಾನದ ಮೇಷ್ಟ್ರು ಸೋಮೇಶ್ ಕೆಂಪು ವೈರಿನ ತುದಿಯೊಂದನ್ನು ಕಿತ್ತು ಕೈಯಲ್ಲಿ ಹಿಡಿಯಲು ಹೋಗಿದ್ದರು. ಮೇಜಿನ ಮೇಲಿದ್ದ ಸಂಸಾರವೆಂದರೆ ಎರಡು ಟಾರ್ಚ್ ಸೆಲ್ಲು, ಕಡಲೆಕಾಳಿನಷ್ಟು ಎರಡು ಬಲ್ಬು, ಒಂದು ಸ್ವಿಚ್ಚು. ಅಷ್ಟೇ.

"ಯಾಕಮ್ಮ ರೂಪಶ್ರೀ? ಎರಡು ಸೆಲ್ಲಿನ ಕರೆಂಟು ಇದು. ಇರುವೆಗೂ ಏನೂ ಆಗಲ್ಲ."

ತರಗತಿ ಗೊಳ್ಳೆಂದಿತು. ಹುಡುಗಿ ನಗಲಿಲ್ಲ.

"ಬಲ್ಬ್ ಆರ್ತು ಅಂತ ಮುಟ್ಬಾರ್ದು ಸಾ. ಆರಿದ್ರೂವೆ ತಂತೀಲಿ ಇರ್ತದೆ." ಅಷ್ಟು ಹೇಳಿ ಕೂತುಬಿಟ್ಟಳು. ಕೂರುವಾಗ ಬಲಗೈಯನ್ನು ವೇಲಿನ ಒಳಗೆ ಸೇರಿಸಿಕೊಂಡಳು.

"ಉತ್ತರ ಸರಿ," ಅಂದರು ಸೋಮೇಶ್, ಹುಬ್ಬು ಗಂಟಿಕ್ಕಿಕೊಂಡು. "ಆದರೆ ಅದನ್ನ ನಾನಿನ್ನೂ ಪಾಠ ಮಾಡೇ ಇಲ್ಲವಲ್ಲ?"

ಸ್ವರ್ಣಲತಾ ಬೆಂಚಿನ ಮೇಲೆ ನೆಟ್ಟಗೆ ಕೂತಳು. ಬೇಗೂರಿನ ಆಚೆ ಹೂವಿನ ತೋಟದ ಶಿವರುದ್ರಸ್ವಾಮಿ ತಮ್ಮದೇ ಸೋಲಾರ್ ಬೇಲಿಯ ಮೇಲೆ ಹೆಣವಾಗಿ ಸಿಕ್ಕಿದ್ದರು. ಹಂದಿ ಕಾಟಕ್ಕೆ ಬೇಲಿಗೆ ಪಂಪ್‌ಸೆಟ್ ಲೈನು ಕೊಟ್ಟವನು ನಾನೇ ಎಂದು ಅವರ ತೋಟದ ಆಳು ರಂಗನಾಯಕ ನಿನ್ನೆ ಸಂಜೆ ಠಾಣೆಗೆ ಬಂದು ಒಪ್ಪಿಕೊಂಡಿದ್ದ. ಈ ರೂಪಶ್ರೀ ಆ ರಂಗನಾಯಕನ ಒಬ್ಬಳೇ ಮಗಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನನ್ನು ಸ್ವರ್ಣಲತಾ ಸರ್ವೀಸಿನಲ್ಲಿ ಬೇಕಾದಷ್ಟು ಕಂಡಿದ್ದಳು. ಯಾರೂ ಕಳ್ಳ ಅನ್ನುವ ಮೊದಲೇ ಹೆಗಲು ತೋರಿಸಿಕೊಂಡು ಬಂದವನು ಇವನೊಬ್ಬನೇ. ಅದೇ ಅವಳ ತಲೆನೋವು.

ಮೇಲಿನವರಿಗೆ ಅಂಥ ತಲೆನೋವೇನೂ ಇರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. "ಒಪ್ಕೊಂಡಿದಾನಲ್ಲಮ್ಮ, ಸಂಜೆಯೊಳಗೆ ಗುಂಡ್ಲುಪೇಟೆ ಕೋರ್ಟಿಗೆ ಹಾಜರು ಮಾಡು, ಮುಗೀತು" ಎಂದು ಬೆಳಿಗ್ಗೆಯೇ ಫೋನು ಬಂದಿತ್ತು. ಹಾಜರು ಮಾಡಿದರೆ ಅವನು ಜೈಲಿಗೆ. ಬೇಲಿಗೆ ಕರೆಂಟು ಕೊಟ್ಟು ಕೊಂದವನಿಗೆ ಜಾಮೀನು ಅಷ್ಟು ಸುಲಭವಲ್ಲ.

ಅಡ್ಡ ಬಂದವರು ಚಾಮರಾಜನಗರದಲ್ಲಿ ಶವಪರೀಕ್ಷೆ ಮಾಡಿದ ಡಾಕ್ಟರು. "ಕರೆಂಟಿಂದಲೇ ಸತ್ತಿದ್ದು, ಅನುಮಾನ ಇಲ್ಲ. ಆದರೆ ಒಳಗೆ ಹೋದ ಕರೆಂಟು ಎಲ್ಲಿಂದ ಆಚೆ ಹೋಯಿತು ಅನ್ನೋದನ್ನ ನೀವೇ ನೋಡಿ," ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟಿದ್ದರು. ವಿದ್ಯುತ್ ಇಲಾಖೆಯ ಎಂಜಿನಿಯರು ಬರುವುದು ಮುಂದಿನ ವಾರವಂತೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನ ಪಾಸಾಗಿದ್ದೇ ಪುಣ್ಯ ಎಂದುಕೊಂಡಿದ್ದ ಸ್ವರ್ಣಲತಾ, ಐವತ್ತು ದಾಟಿದ ಮೇಲೆ ಪುನಃ ಹತ್ತನೇ ತರಗತಿಗೆ ಬಂದು ಕೂತದ್ದು ಹೀಗೆ.

"ಪಾಠ ಕೇಳಿಬಿಡಿ ಮೇಡಂ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ," ಎಂದಿದ್ದರು ಸೋಮೇಶ್.

ಮೇಷ್ಟ್ರು ಈಗ ಕಿತ್ತ ವೈರನ್ನು ಸೆಲ್ಲಿಗೆ ತಾಗಿಸಿದರು. ಎರಡೂ ಬಲ್ಬು ಮಂಕಾಗಿ ಹೊತ್ತಿಕೊಂಡವು.

"ನೋಡಿ ಮಕ್ಕಳೇ. ಪೈಪಿನಲ್ಲಿ ಬಂದ ನೀರು ಬಾಯಿಂದ ಸುರಿದು ಹೋಗುತ್ತೆ. ಕರೆಂಟು ಹಾಗಲ್ಲ. ಹೊರಟ ಜಾಗಕ್ಕೆ ವಾಪಸ್ ಬರೋಕೆ ದಾರಿ ಇದ್ದರೆ ಮಾತ್ರ ಅದು ಹೊರಡೋದು. ವಾಪಸ್ ಟ್ರಿಪ್ ಇಲ್ಲದೆ ನಮ್ಮ ಗುಂಡ್ಲುಪೇಟೆ ಬಸ್ಸು ಹೊರಡುತ್ತಾ?"

"ಇಲ್ಲಾ ಸಾ!"

"ಈ ಪೂರ್ತಿ ಸುತ್ತಿಗೇ ವಿದ್ಯುತ್ ಮಂಡಲ ಅನ್ನೋದು. ಒಂದೇ ಕಡೆ ಕಿತ್ತರೂ ಸುತ್ತು ತುಂಡಾಯಿತು, ಎರಡೂ ಬಲ್ಬು ಆರಿತು. ಆದರೆ ತಳ್ಳೋ ಸೆಲ್ಲು ತಳ್ಳುತ್ತಲೇ ಇರುತ್ತೆ. ಆ ತಳ್ಳೋದಕ್ಕೆ ವಿಭವಾಂತರ ಅಂತ ಹೆಸರು, ಅಳತೆ ವೋಲ್ಟು. ಕಿತ್ತ ತುದಿ ಇನ್ನೊಂದು ದಾರಿ ಸಿಗಲಿ ಅಂತ ಕಾಯ್ತಾ ಇರುತ್ತೆ. ರೂಪಶ್ರೀ ಹೇಳಿದ್ದು ಅದನ್ನೇ."

"ಸಾ, ಒಂದ್ ಬಲ್ಬ್ ಹಾಕಿದ್ರೆ ಜೋರಾಗಿ ಉರೀತಿತ್ತು, ಎರಡು ಹಾಕಿದ್ರೆ ಯಾಕೆ ಸಪ್ಪೆ?"

"ಬಲ್ಬು ಅಂದರೆ ಅಡ್ಡಿ. ರೋಧ. ಒಂದರ ಹಿಂದೆ ಒಂದು ಕಟ್ಟಿದ್ದೀವಿ, ಸರಣಿಯಲ್ಲಿ. ಅಡ್ಡಿ ಎರಡಾಯಿತು, ಹರಿಯೋದು ಕಮ್ಮಿ ಆಯಿತು. ಒಂದು ವಿಷಯ ಮಾತ್ರ ಮರೀಬೇಡಿ. ಸರಣಿಯಲ್ಲಿ ಎರಡರೊಳಗೂ ಹರಿಯೋದು ಒಂದೇ ಕರೆಂಟು. ಮೊದಲನೇದಕ್ಕೆ ಜಾಸ್ತಿ, ಎರಡನೇದಕ್ಕೆ ಕಮ್ಮಿ ಅಂತ ಪಂಕ್ತಿಭೇದ ಇಲ್ಲ."

ಮಕ್ಕಳು ಬರೆದುಕೊಂಡರು. ರೂಪಶ್ರೀ ಎಡಗೈಯಲ್ಲಿ, ಒಂದನೇ ಕ್ಲಾಸಿನ ಮಗುವಿನಂತೆ ಸೊಟ್ಟಂಪಟ್ಟ ಬರೆಯುತ್ತಿದ್ದಳು. ಅದನ್ನು ನೋಡಿದರೂ ಸ್ವರ್ಣಲತಾಳ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಅಪ್ಪ ಲಾಕಪ್ಪಿನಲ್ಲಿರುವ ಹುಡುಗಿ ಶಾಲೆಗೆ ಬಂದಿದ್ದೇ ದೊಡ್ಡದು ಅಂದುಕೊಂಡಳು.

*

ಪಾಠ ಮುಗಿದ ಮೇಲೆ ಲ್ಯಾಬಿನಲ್ಲಿ ಸೋಮೇಶ್ ಫ್ಲಾಸ್ಕಿನಿಂದ ಟೀ ಬಗ್ಗಿಸಿದರು. ಹೆದ್ದಾರಿಯ ಮಲೆಯಾಳಿ ಅಂಗಡಿಯ ಟೀ. ಹಾಲಿಲ್ಲ, ಸಕ್ಕರೆ ಮಾತ್ರ ಧಾರಾಳ.

"ಸೋಲಾರ್ ಬೇಲಿ ಮನುಷ್ಯರನ್ನ ಕೊಲ್ಲಲ್ಲ ಮೇಡಂ. ಆನೆ, ಹಂದಿ ಬೆದರೋ ಹಾಗೆ ಬಿಟ್ಟು ಬಿಟ್ಟು ಹೊಡೆಯುತ್ತೆ. ಪಂಪ್‌ಸೆಟ್ ಲೈನು ಕೊಟ್ಟರೆ ಆಗ ಕೊಲ್ಲುತ್ತೆ. ರಂಗನಾಯಕ ಅದನ್ನೇ ಹೇಳ್ತಿದಾನಲ್ಲ?"

"ಹೇಳ್ತಿದಾನೆ. ಅಲ್ಲಿ ವೈರೂ ಸಿಕ್ಕಿದೆ. ಆದರೆ ಶಿವರುದ್ರಸ್ವಾಮಿಗಳ ಕಾಲಲ್ಲಿ ಗಮ್‌ಬೂಟು ಇತ್ತು ಸಾರ್. ಮೊಣಕಾಲುದ್ದ, ಒಳಗೆಲ್ಲಾ ಒಣಗಿತ್ತು."

ಸೋಮೇಶ್ ಲೋಟ ಕೆಳಗಿಟ್ಟರು. "ಹಾಗಾದರೆ ಬೇಲಿ ಮುಟ್ಟಿದರೂ ನೆಲಕ್ಕೆ ಇಳಿಯೋಕೆ ದಾರಿ ಎಲ್ಲಿ? ರಬ್ಬರು ಬಿಡಲ್ಲ. ಸುತ್ತು ಪೂರ್ತಿ ಆಗಲ್ಲ."

"ಪಾದದಲ್ಲಿ ಸುಟ್ಟ ಗುರುತಿಲ್ಲ. ಎದೆ ಮೇಲೆ ಬೇಲಿ ತಂತಿಯ ಗೆರೆ ಇದೆ. ಅದು ಜೀವ ಹೋದ ಮೇಲೆ ಬಿದ್ದಿದ್ದು ಅಂತಾರೆ ಡಾಕ್ಟ್ರು. ಬಲಗೈ ಅಂಗೈ ಸುಟ್ಟಿದೆ, ಹೆಬ್ಬೆರಳು ಗಾತ್ರದ ಸರಳು ಹಿಡಿದ ಹಾಗೆ. ಎಡಗೈ ಸುಮ್ಮನೆ ಕೆಂಪಾಗಿದೆ. ಗೆರೆ ಇಲ್ಲ, ಏನಿಲ್ಲ."

"ಅಂದರೆ ಬೇಲಿಯಲ್ಲಿ ಸತ್ತಿದ್ದಲ್ಲ. ಒಂದು ಕೈಯಿಂದ ಒಳಗೆ ಹೋಗಿ, ಎದೆ ದಾಟಿ, ಇನ್ನೊಂದು ಕೈಯಿಂದ ಆಚೆ ಹೋಗಿದೆ. ಬಲಗೈ ಸರಳು ಹಿಡಿದಿತ್ತು." ಮೇಷ್ಟ್ರು ಮೇಜಿನ ಮೇಲೆ ಬೆರಳಿನಿಂದ ಆ ಸುತ್ತು ಎಳೆದರು. "ಅವರ ತೋಟದಲ್ಲಿ ಅರ್ತ್ ಕಂಬಿ ಎಲ್ಲಿದೆ ಮೇಡಂ?"

ಕಂಬಿಯ ವಿಷಯ ಆ ಸೀಮೆಯ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಪಂಪ್‌ಸೆಟ್ ಲೈನಿಗೆ ಬರುವುದು ಮೂರೇ ತಂತಿ. ಮೋಟರಿಗೆ ಅದು ಸಾಕು. ಬಲ್ಬಿಗೆ ಕರೆಂಟು ಬರಲೊಂದು, ಹಿಂದಿರುಗಲೊಂದು ತಂತಿ ಬೇಕು, ಹಿಂದಿರುಗುವುದು ಅಲ್ಲಿಲ್ಲ. ಅದಕ್ಕೆ ಜನ ಕಂಡುಕೊಂಡ ಉಪಾಯ ಹಳೆಯದು. ಒಂದು ತಂತಿ ಲೈನಿನಿಂದ. ಬಲ್ಬು ದಾಟಿ ಬಂದ ಇನ್ನೊಂದು ತಂತಿಯನ್ನು ನೆಲಕ್ಕೆ ಹೂತ ಕಬ್ಬಿಣದ ಕಂಬಿಗೆ ಕಟ್ಟುವುದು. ಭೂಮಿಯೇ ಹಿಂದಿರುಗುವ ದಾರಿ. ನೆಲ ಒಣಗಿದರೆ ಬಲ್ಬು ಮಂಕು. ಕಂಬಿಯ ಬುಡಕ್ಕೆ ಒಂದು ಕೊಡ ನೀರು ಹುಯ್ದರೆ ದೀಪ ಜಗ್ಗನೆ ಏಳುತ್ತದೆ. ಸಂಜೆ ದೇವರಿಗೆ ದೀಪ ಹಚ್ಚುವಷ್ಟೇ ಸಲೀಸಾಗಿ ಕಂಬಿಗೆ ನೀರು ಕುಡಿಸುವವರು ಮನೆಮನೆಯಲ್ಲೂ ಇದ್ದರು.

"ಎಲ್ಲರೂ ಕಂಬಿಗೆ ಕಟ್ಟೋ ತಂತೀನ ಸಾಧು ಅಂದ್ಕೊಂಡಿದಾರೆ," ಅಂದರು ಸೋಮೇಶ್. "ಕಟ್ಟಿರೋವಾಗ ಸಾಧುವೇ. ಬಿಚ್ಚಿ ಕೈಯಲ್ಲಿ ಹಿಡಿದರೆ ಬಲ್ಬಿನೊಳಗಿಂದ ಇನ್ನೂರಮೂವತ್ತು ವೋಲ್ಟೂ ಅಲ್ಲಿಗೇ ಬಂದು ನಿಂತಿರುತ್ತೆ. ಬಲ್ಬು ಆರಿರುತ್ತೆ, ಅದಕ್ಕೇ ಕರೆಂಟಿಲ್ಲ ಅಂದ್ಕೋತಾರೆ."

ಫೋನು ಹೊಡೆದುಕೊಂಡಿತು. ಠಾಣೆಯಿಂದ ಕಾನ್‌ಸ್ಟೇಬಲ್ ಶಿವಣ್ಣ. "ಮೇಡಂ, ಕೋರ್ಟಿಗೆ ಜೀಪು ಯಾವಾಗ ತೆಗೀಲಿ? ಆ ಬಸವಮ್ಮ ಬೇರೆ ಬೆಳಿಗ್ಗೆಯಿಂದ ಜಗಲಿ ಬಿಟ್ಟು ಏಳ್ತಿಲ್ಲ."

ಬಸವಮ್ಮ ರಂಗನಾಯಕನ ಹೆಂಡತಿ. ಬೆಳಿಗ್ಗೆ ಸ್ವರ್ಣಲತಾಳ ಎದುರೇ ಗಂಡನಿಗೆ ಮುದ್ದೆ ತಂದವಳು, ಕ್ಯಾರಿಯರಿನ ಮುಚ್ಚಳ ಬಿಗಿಯಾಗಿರಲೆಂದು ಹೂ ಕಟ್ಟುವ ದಾರದಲ್ಲಿ ಎರಡು ಗಂಟು ಹಾಕಿದ್ದಳು. ಸ್ವಾಮಿಗಳ ಬಗ್ಗೆ ಕೇಳಿದರೆ, "ಸತ್ತೋರ ಮಾತು ನಮಗ್ಯಾಕವ್ವ, ಬುಡಿ," ಎಂದು ಮುಖ ಆಚೆ ತಿರುಗಿಸಿದ್ದಳು.

"ನಾನು ಹೇಳೋವರೆಗೂ ತೆಗೀಬೇಡ," ಎಂದು ಸ್ವರ್ಣಲತಾ ಎದ್ದಳು. ಮಂಡಿ ಲಟಕ್ಕೆಂದಿತು.

*

ಚೆಂಡು ಹೂವಿನ ತೋಟ ಕೀಳುವವರಿಲ್ಲದೆ ಬಾಡಿ ಕೂತಿತ್ತು. ಮೂಲೆಯಲ್ಲಿ ತಗಡಿನ ಶೆಡ್ಡು. ಕಿತ್ತ ಹೂವನ್ನು ಅಲ್ಲಿ ಸುರಿದು, ಸಂಜೆ ಕೂತು ಹಾರ ಕಟ್ಟಿ ಗುಂಡ್ಲುಪೇಟೆಗೆ ಕಳಿಸುವುದು ವಾಡಿಕೆ. ಈಗ ಒಳಗೆ ಕೊಳೆತ ಹೂವಿನ ವಾಸನೆ ಮೂಗಿಗೆ ಅಡರಿತು.

ಹೆಣ ಸಿಕ್ಕಿದ್ದು ಬೇಲಿಯಲ್ಲಿ, ಆದ್ದರಿಂದ ಎಲ್ಲರೂ ಬೇಲಿಯನ್ನೇ ನೋಡಿದ್ದರು. ತಾನೂ ಬೇಲಿಯನ್ನೇ ನೋಡಿದ್ದಳು. ಇಷ್ಟು ವರ್ಷ ಕೆಲಸ ಮಾಡಿ ಕಲಿತದ್ದು ಇಷ್ಟೇನಾ ಎಂದು ಸ್ವರ್ಣಲತಾಳಿಗೆ ತನ್ನ ಮೇಲೇ ಬೇಸರ ಬಂತು.

ಮೊದಲು ಫ್ಯೂಸಿನ ಕಟ್ಟೌಟು ಕಿತ್ತಳು. ಆಮೇಲೆ ತಲೆ ಎತ್ತಿ ನೋಡಿದಳು. ತೊಲೆಯಲ್ಲಿ ಹಳೇ ಕಾಲದ ನೂರು ವ್ಯಾಟಿನ ಗಾಜಿನ ಬುರುಡೆ. ಏರಿಳಿಯುವ ವೋಲ್ಟೇಜಿಗೆ ಹೊಸ ಬಲ್ಬು ತಡೆಯುವುದಿಲ್ಲ ಎಂದು ತೋಟದವರು ಹುಡುಕಿ ತಂದು ಹಾಕುವ ಮಾಲು. ಅದರಿಂದ ಇಳಿದ ತಂತಿ ಗೋಡೆಯ ತೂತಿನಿಂದ ಆಚೆ ಹೋಗಿತ್ತು.

ಆಚೆ, ಹೆಬ್ಬೆರಳು ಗಾತ್ರದ ಕಬ್ಬಿಣದ ಕಂಬಿ ಮೊಳದಷ್ಟು ನೆಲದಿಂದ ಎದ್ದಿತ್ತು. ಸುತ್ತ ಒಣಗಿದ ಕೆಂಪು ಮಣ್ಣು, ಬುಡದಲ್ಲಿ ಮಾತ್ರ ಒಂದು ಹಿಡಿ ಹಸಿರು ಹುಲ್ಲು. ತಂತಿ ಕಂಬಿಗೆ ಕಟ್ಟಿರಲಿಲ್ಲ. ಪಕ್ಕದಲ್ಲಿ ಬಿದ್ದಿತ್ತು. ತುದಿಯ ಪ್ಲಾಸ್ಟಿಕ್ಕು ಒಂದು ಗೇಣು ಸುಲಿದು, ತಾಮ್ರ ಹೊಸದಾಗಿ ಹೊಳೆಯುತ್ತಿತ್ತು.

ತಂತಿಯನ್ನು ಕಂಬಿಗೆ ಬಿಗಿಯುವ ನಟ್ಟು ನೆಲದಲ್ಲಿರಲಿಲ್ಲ. ಶೆಡ್ಡಿನ ಗೋಡೆಯ ಮೊಳೆಯೊಂದರಲ್ಲಿ, ಹೂವಿನ ದಾರಕ್ಕೆ ಪೋಣಿಸಿ, ಕಳೆಯದ ಹಾಗೆ ಎರಡು ಗಂಟು ಹಾಕಿ ನೇತುಹಾಕಿತ್ತು. ಹೂವಿನ ಶೆಡ್ಡಿನಲ್ಲಿ ದಾರಕ್ಕೆ ಬರವೇ? ಸ್ವಾಮಿಗಳೇ ತುಕ್ಕು ಉಜ್ಜಲು ಬಿಚ್ಚಿ ನೇತುಹಾಕಿದ್ದಿರಬೇಕು ಎಂದುಕೊಂಡು ಅದನ್ನು ಕವರಿಗೆ ಹಾಕಿಕೊಂಡಳು.

ಒಣಗಿದ ಕೆಸರು ಉಳಿದದ್ದನ್ನು ಹೇಳಿತು. ಕಂಬಿಯ ಒಂದು ಪಕ್ಕ ದೊಡ್ಡ ಬೂಟಿನ ಗುರುತು, ಅದರ ಮುಂದೆ ಮಂಡಿ ಊರಿದ ಗುಂಡಿ. ಇನ್ನೊಂದು ಪಕ್ಕ ಹವಾಯಿ ಚಪ್ಪಲಿಯ ಗುರುತು, ಚಿಕ್ಕದು; ಕೊನೆಯಲ್ಲಿ ಜಾರಿ ಉದ್ದಕ್ಕೆ ಎಳೆದಿತ್ತು.

ಅಂದರೆ ಇಬ್ಬರಿದ್ದರು. ಸ್ವಾಮಿಗಳ ಎಡಗೈಯಲ್ಲಿ ತಂತಿಯ ಗೆರೆ ಇಲ್ಲದ್ದು, ಸರಣಿಯಲ್ಲಿ ಎರಡು ಬಲ್ಬು ಮಂಕಾಗಿ ಉರಿದದ್ದು, ಸೊಟ್ಟಂಪಟ್ಟ ಬರೆಯುವ ರೂಪಶ್ರೀಯ ಎಡಗೈ, ಎಲ್ಲ ಒಟ್ಟಿಗೇ ಬಂದು ಅವಳ ಎದೆಯ ಮೇಲೆ ಕೂತವು. ಅವಳು ಸ್ಕೂಟರಿನ ಕಡೆ ನಡೆದಳು. ಓಡುವ ಶಕ್ತಿ ಇರಲಿಲ್ಲ, ಮನಸ್ಸೂ ಇರಲಿಲ್ಲ.

*

ಲ್ಯಾಬಿನ ಬಾಗಿಲಲ್ಲಿ ಸೋಮೇಶ್ ಕುರ್ಚಿ ಹಾಕಿಕೊಂಡು ಕೂತರು. ಮಗು ಒಂಟಿಯಾಗಿ ಪೊಲೀಸರ ಎದುರು ಇರಬಾರದು ಎಂದು ಸ್ವರ್ಣಲತಾಳೇ ಕೇಳಿಕೊಂಡಿದ್ದಳು. ರೂಪಶ್ರೀ ಮೇಜಿನ ಆಚೆ ಬದಿ, ಬಲಗೈ ವೇಲಿನೊಳಗೆ.

"ಕೈಗೆ ಏನಾಗಿದೆ ಕಣಮ್ಮಿ?"

"ಒಲೆ ಸುಟ್ಟದೆ ಮೇಡಂ."

"ತೋರಿಸು."

"ಬ್ಯಾಡ ಮೇಡಂ. ವಾಸಿ ಆಯ್ತು."

"ನಿಮ್ಮಪ್ಪನ್ನ ಸಂಜೆ ಕೋರ್ಟಿಗೆ ಕರ್ಕೊಂಡು ಹೋಗ್ತಾರೆ. ಅಲ್ಲಿಂದ ಜೈಲಿಗೆ. ಗೊತ್ತಾ ನಿನಗೆ?"

ಹುಡುಗಿ ಬಲಗೈಯನ್ನು ವೇಲಿನೊಳಗೆ ಇನ್ನಷ್ಟು ಒತ್ತಿಕೊಂಡಳು.

"ಬೇಲಿಗೆ ಲೈನು ಕೊಟ್ಟು ಕೊಂದೆ ಅಂತಾನೆ ನಿಮ್ಮಪ್ಪ. ಸುಳ್ಳು. ಯಾರು ಹೇಳಿದ್ದು ಗೊತ್ತಾ? ನಿಮ್ಮ ಸಾರು. ಇವತ್ತಿನ ಪಾಠ. ಸ್ವಾಮಿಗಳು ಬೇಲಿಯಲ್ಲಿ ಸಾಯಲೇ ಇಲ್ಲ. ಕಂಬಿ ಹತ್ರ ಸತ್ತರು. ಆ ಕಂಬಿಗೆ ದಿನಾ ನೀರು ಹುಯ್ಯೋರು ಯಾರು?"

"...ನಾನೇಯ."

"ತೋರಿಸು ಮಗ."

ಮಗ ಅಂದದ್ದಕ್ಕೋ ಏನೋ, ವೇಲು ಸರಿಯಿತು. ಕರ್ಚೀಫು ಬಿಚ್ಚಿದರೆ ಅಂಗೈಗೆ ಅಡ್ಡಲಾಗಿ ಕಪ್ಪು ಗೆರೆ, ತಂತಿಯಷ್ಟೇ ದಪ್ಪ. ಬಾಗಿಲಲ್ಲಿ ಸೋಮೇಶ್ ಮುಖ ಮುಚ್ಚಿಕೊಂಡರು.

ಎಡಗೈ ತಾನಾಗಿಯೇ ತೋರಿಸಿದಳು. ಅದರಲ್ಲಿ ಏನೂ ಇರಲಿಲ್ಲ.

"ನಾನು ನೀರ್ ಉಯ್ಯಕ್ಕೆ ಓದೆ ಮೇಡಂ. ತಂತಿ ಕಂಬಿಯಿಂದ ಬುಟ್ಟೋಗಿತ್ತು, ಲೈಟ್ ಆರಿತ್ತು. ಉಯ್ದೆ. ಅಷ್ಟೊತ್ಗೆ ಯಜಮಾನ್ರು ಬಂದ್ರು. ಲೈಟ್ ಆರಿದ್ರೆ ಅವರೇಯ ಬಂದು ಸಿಗಿಸೋದು, ಬ್ಯಾರೆ ಯಾರ್ನೂ ಮುಟ್ಟಕೆ ಬುಡ್ತಿರ್ಲಿಲ್ಲ. ಮಂಡಿ ಊರಿ ಕಂಬಿ ಇಡ್ಕಂಡು ತುಕ್ಕು ಉಜ್ತಿದ್ರು. ನಾನು ಸುಮ್ಕಿರ್ಲಾರ್ದೆ ತಂತಿ ಎತ್ಕಂಡೆ."

"ಆಗ ಏನೂ ಹೊಡೀಲಿಲ್ವಾ?"

"ಇಲ್ಲ ಮೇಡಂ. ಏನೂ ಆಗ್ನಿಲ್ಲ. ಚಪ್ಲಿ ಆಕಿದ್ದೆ. ಕರೆಂಟ್ ಇಲ್ಲ ಅಂದ್ಕಂಡೆ." ಉಸಿರು ಎಳೆದುಕೊಂಡಳು. "ಕೊಡಕ್ಕೆ ಅಂತ ಒಂದೆಜ್ಜೆ ಮುಂದಿಟ್ಟೆ. ಕೆಸರಲ್ಲಿ ಜಾರ್ಬುಟ್ಟೆ. ಬೀಳ್ತೀನಿ ಅಂತ ಅವರು ಎಡಗೈ ಚಾಚಿ ನನ್ನ ಈ ಎಡಗೈ ಇಡ್ಕಂಡ್ರು."

ಆಮೇಲಿನದನ್ನು ಅವಳು ಹೇಳಬೇಕಿರಲಿಲ್ಲ. ಕೈಗೆ ಕೈ ಸೇರಿದ ಕ್ಷಣ ಸುತ್ತು ಪೂರ್ತಿಯಾಗಿತ್ತು. ಬಲ್ಬು, ತಂತಿ, ಹುಡುಗಿ, ಮುದುಕ, ಕಂಬಿ, ಭೂಮಿ. ಇಬ್ಬರೊಳಗೂ ಹರಿದದ್ದು ಒಂದೇ ಕರೆಂಟು. ಹದಿನೈದರ ಎದೆ ತಡೆದುಕೊಂಡಿತು, ಅರವತ್ತೈದರ ಎದೆ ನಿಂತುಹೋಯಿತು.

"ಬುಡಸ್ಕಳಕೇ ಆಗ್ನಿಲ್ಲ ಮೇಡಂ. ಇಬ್ಬರೂ ಬಿದ್ದೋದೋ. ನಂಗೆ ಗ್ಯಾನ ಬಂದಾಗ ತಂತಿ ಅಲ್ಲೆಲ್ಲೋ ಬಿದ್ದಿತ್ತು. ಅವರು ಏಳ್ನಿಲ್ಲ." ಅಳು ಈಗ ಕಟ್ಟೆಯೊಡೆಯಿತು. "ಒಳ್ಳೇವ್ರು ಮೇಡಂ ಅವರು. ನಂಗೆ ಜಾಮಿಟ್ರಿ ಬಾಕ್ಸ್ ತಂದ್ಕೊಟ್ಟಿದ್ರು. ನಾನು ತಂತಿ ಮುಟ್ದೇ ಇದ್ದಿದ್ರೆ..."

"ಅಪ್ಪ ಬೇಲಿಗೆ ಹೊತ್ಕೊಂಡು ಹೋಗಿ ಹಾಕಿದ, ಅಲ್ವಾ?"

"ಊಂ. ಯಜಮಾನ್ರ ಜತೆ ಶೆಡ್ಡಲ್ಲಿದ್ಲಂತೆ ಅಂತ ಊರೋರು ನಿನ್ನ ಎಸ್ರು ಬಾಯಿಗೆ ಆಕ್ಕತಾರೆ, ನೀನು ಓದೋ ಮಗ, ನಾನೇ ನೋಡ್ಕತಿನಿ ಅಂದ. ಯಾರಿಗೂ ಯೋಳ್ಬ್ಯಾಡ ಅಂತ ಆಣೆ ಆಕಿಸ್ಕಂಡ."

ಸ್ವರ್ಣಲತಾ ಕುರ್ಚಿಗೆ ಒರಗಿದಳು. ದುಃಖದ ಜೊತೆಗೆ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಹಗುರವೂ ಒಳಗೆ ಇಳಿಯಿತು. ಕೊಲೆಯಲ್ಲ, ಆಕಸ್ಮಿಕ. ಹೆಣ ಸಾಗಿಸಿದ್ದಕ್ಕೆ ರಂಗನಾಯಕನ ಮೇಲೆ ಚಿಕ್ಕ ಕೇಸಾಗಬಹುದು, ಜೈಲಾಗುವುದಿಲ್ಲ. ಯಾರೋ ಒಬ್ಬರನ್ನು ಮನೆಗೆ ಕಳಿಸಿ ಫೈಲು ಮುಚ್ಚುವ ಭಾಗ್ಯ ಅವಳಿಗೆ ಸಿಕ್ಕಿ ಎಷ್ಟೋ ಕಾಲವಾಗಿತ್ತು.

ಫೋನು ತೆಗೆದು ಠಾಣೆಗೆ ಹಚ್ಚಿದಳು. "ಶಿವಣ್ಣ, ಜೀಪು ತೆಗೀಬೇಡ. ರಂಗನಾಯಕ ಕೊಂದಿಲ್ಲ. ಸಾಹೇಬರ ಹತ್ರ ನಾನೇ ಮಾತಾಡ್ತೀನಿ. ಬಸವಮ್ಮ ಅಲ್ಲೇ ಇದಾಳಾ? ಗಂಡ ಮನೆಗೆ ಬರ್ತಾನೆ ಅಂತ ಹೇಳಿಬಿಡು ಪಾಪ, ಒಂದು ತುತ್ತು ಉಣ್ಣಲಿ."

"ಇದಾಳೆ ಮೇಡಂ. ತಡೀರಿ, ಹೇಳ್ತೀನಿ, ಲೈನಲ್ಲೇ ಇರಿ."

ಫೋನನ್ನು ಕಿವಿಗಿಟ್ಟುಕೊಂಡೇ ಸ್ವರ್ಣಲತಾ ಹುಡುಗಿಯ ತಲೆ ನೇವರಿಸಿದಳು. ಅಪ್ಪ ಬರುತ್ತಾನೆ ಎಂದು ಕೇಳಿ ರೂಪಶ್ರೀ ಮೂಗು ಒರೆಸಿಕೊಳ್ಳುತ್ತಿದ್ದಳು.

"ಆ ತಂತಿ ಹೀಗೆ ಹೊಡೆಯುತ್ತೆ ಅಂತ ನಿಮ್ಮ ಮನೇಲಿ ಯಾರಿಗೂ ಗೊತ್ತಿರಲಿಲ್ವಾ ಮಗ?" ಅವಳು ಕೇಳಿದ್ದು ಸುಮ್ಮನೆ, ಮಾತಿಗೆ. ಮೊದಲೇ ಕೇಳಬೇಕಿದ್ದ ಪ್ರಶ್ನೆ ಅದು.

"ಅವ್ವಂಗೆ ಗೊತ್ತಿತ್ತು ಮೇಡಂ. ಓದ ವರ್ಸ ಅವ್ವ ಒಂದ್ಸಲ ಬಿಚ್ಚಿ ಮುಟ್ಟಿ, ಜುಂ ಅಂತ ಒಡ್ದು ಎಗರಿ ಬಿದ್ದಿದ್ಲು." ಹುಡುಗಿ ಕರ್ಚೀಫನ್ನು ಪುನಃ ಅಂಗೈಗೆ ಸುತ್ತಿಕೊಳ್ಳುತ್ತಾ ಹೇಳಿದಳು. "ಅದ್ಕೇಯ ಇರ್ಬೇಕು, ಅವತ್ತು ಬೆಳಗ್ಗೇನೇ ಯೋಳಿದ್ಲು, ಇವತ್ತು ಶೆಡ್ಡಿನ್ ಕಡೆ ಕಾಲಿಕ್ಕಬ್ಯಾಡ ಕಣಮ್ಮಿ, ನೀರು ಉಯ್ಯದೂ ಬ್ಯಾಡ ಅಂತ. ನಾನೇ ಕೇಳ್ನಿಲ್ಲ. ಅವ್ವನ ಮಾತು ಕೇಳಿದ್ರೆ ಆಗ್ತಿತ್ತು."

ಬಾಗಿಲಲ್ಲಿ ಸೋಮೇಶ್ ತಲೆ ಎತ್ತಿದರು.

ಸ್ವರ್ಣಲತಾಳ ಕೈ ಜೇಬಿಗೆ ಹೋಯಿತು. ಕವರಿನೊಳಗೆ ನಟ್ಟು, ಅದಕ್ಕೆ ಹೂವಿನ ದಾರ, ದಾರಕ್ಕೆ ಎರಡು ಗಂಟು. ಬೆಳಿಗ್ಗೆ ಕ್ಯಾರಿಯರಿನ ಮುಚ್ಚಳದ ಮೇಲೆ ಕಂಡದ್ದು ಇದೇ ಗಂಟು. ನಟ್ಟು ಬಿಚ್ಚಿದ ಕೈ ಸ್ವಾಮಿಗಳದ್ದಲ್ಲ.

ಅಷ್ಟರಲ್ಲಿ ಫೋನಿನ ಆ ತುದಿಯಲ್ಲಿ ಯಾರೋ ಶಿವಣ್ಣನ ಕೈಯಿಂದ ಕಿತ್ತುಕೊಂಡ ಸದ್ದು. ಬಿಕ್ಕಳಿಸುವ ಹೆಂಗಸಿನ ದನಿ.

"ಬುಟ್ರಂತಲ್ಲವ್ವ ನನ್ ಗಂಡನ್ನ? ನಿಮ್ ಒಟ್ಟೆ ತಣ್ಣಗಿರ್ಲಿ ಕಣವ್ವ. ನಿಮ್ ಮಕ್ಳು ಮರಿ ಚೆಂದಾಗಿರ್ಲಿ. ನನ್ ಮಗಳು ಅಲ್ಲೇ ಅವ್ಳಾ? ಅವಳ್ಗೆ ಒಂದ್ ಮಾತು ಯೋಳಿ ತಾಯಿ, ಅವ್ವ ಮುದ್ದೆ ಮಾಡ್ಕಂಡು ಕಾಯ್ತಾ ಇರ್ತಾಳೆ ಅಂತ."

ಅವ್ವನ ದನಿ ಫೋನಿನಿಂದ ಆಚೆಗೂ ಕೇಳಿ ರೂಪಶ್ರೀಯ ಮುಖ ಅರಳಿತು. ಸುಟ್ಟ ಕೈಯನ್ನೇ ಫೋನಿಗೆ ಚಾಚಿ, "ಕೊಡಿ ಮೇಡಂ, ನಾನೂ ಮಾತಾಡ್ತೀನಿ," ಅಂದಳು.